ಬಿಡಿಸದ ಗಂಟು

ಭಯಾನಕ ಕಥೆಯೆಂದರೆ ಕತ್ತಿ, ವಿಷ, ಪತ್ತೇದಾರ ಇವೆಲ್ಲ ಇರತಕ್ಕದ್ದೆಂದು ಜನರ ನಂಬಿಕೆ. ಇವೊಂದರ ಹಂಗೂ ಇಲ್ಲದೆ, ಒಂದು ಸಂಸಾರದ ದಿನದ ಮಾತುಕತೆಯಿಂದಲೇ ಎದೆ ನಡುಗಿಸುವ ಕೃತಿಯೊಂದು ನಮ್ಮ ಭಾಷೆಯಲ್ಲಿದೆ. ಅದು ಶ್ರೀ ವಿವೇಕ ಶಾನಭಾಗರ ‘ಘಾಚರ್ ಘೋಚರ್’; 2013ರಲ್ಲಿ ಪ್ರಕಟವಾದ ಕಿರುಕಾದಂಬರಿ. ಶ್ರೀನಾಥ ಪೆರೂರರು ಮಾಡಿದ ಇಂಗ್ಲಿಷ್ ಅನುವಾದದಿಂದ ಅದು ದೇಶಾಂತರಗಳ ವಾಚಕರನ್ನೂ ಮುಟ್ಟಿತು.

ಕಥೆ ಬೆಂಗಳೂರಿನದು. ಇಕ್ಕಟ್ಟಾದ ಮನೆಯಲ್ಲಿ ಇರುವೆಗಳೊಡನೆ ಹೆಣಗುತ್ತಿದ್ದ ಕುಟುಂಬವು ಚಿಕ್ಕಪ್ಪನ ಮಸಾಲೆಯ ವ್ಯಾಪಾರದಿಂದ ಸಿರಿವಂತವಾಗುತ್ತದೆ. ಕಥೆ ಹೇಳುವ ತರುಣನಿಗೆ ಉದ್ಯೋಗವು ಹೆಸರಿಗೆ ಮಾತ್ರ. ಅವನ ಹೆಂಡತಿ ಅನಿತಾ ಕಂಡದ್ದನ್ನು ಕಂಡಂತೆ ಆಡುವವಳು. ಚಿಕ್ಕಪ್ಪನನ್ನು ಅರಸಿ ಬಂದ ಹೆಂಗಸೊಬ್ಬಳನ್ನು ಮನೆಯವರು ನಿಂದಿಸಿ ಅಟ್ಟಿದುದು ಅನ್ಯಾಯವೆಂದವಳು ಅವಳೊಬ್ಬಳೇ. ಗಂಡನು ಹೊಡೆಯುವವನಲ್ಲ, ಬಡಿಯುವವನಲ್ಲ, ಸುಮ್ಮನಿರುವವನು. ಹೈದರಾಬಾದಿನ ತವರಿಗೆ ಹೋದ ಅನಿತಾ ಬರಬೇಕಾದ ಹೊತ್ತಿಗೆ ಬಂದಿಲ್ಲ. ಅವಳಿಗೇನಾಯಿತೆಂಬುದನ್ನು ಹೇಳದೆ ಗ್ರಂಥಕರ್ತರು ಕಥೆಯನ್ನು ನಿಲ್ಲಿಸುತ್ತಾರೆ.

ತ್ರಿವೇಣಿಯವರ ‘ಶರಪಂಜರ’ದಲ್ಲಿ ಕಾವೇರಿಯ ಬಾಳನ್ನು ಕೆಡಿಸಿದ್ದು ಹುಚ್ಚಿಯೆಂಬ ಹೆಸರು; ಆ ಹೆಸರನ್ನು ಲೋಕವು ಗಟ್ಟಿಯಾಗಿ ಆಡುತ್ತದೆ. ಇಲ್ಲಿ ಯಾರೂ ಏನನ್ನೂ ಗಟ್ಟಿಯಾಗಿ ಆಡುವುದಿಲ್ಲ. ಅದೇ ಹೆಚ್ಚಿನ ಭಯ.

ನಾಲವಾರದ ನಮ್ಮ ಮನೆಯಲ್ಲಿ ಇದನ್ನು ಎರಡು ರಾತ್ರಿ ಎಲ್ಲರೂ ಕೇಳುವಂತೆ ಓದಿದೆನು. ಮುಗಿದೊಡನೆ ಗಂಡಸರು, ಇದು ಚಿಕ್ಕಪ್ಪನ ಕೈವಾಡವೋ ಅಲ್ಲವೋ ಎಂದು ತರ್ಕಕ್ಕೆ ತೊಡಗಿದರು. ಅತ್ತಿಗೆಯವರು ಮಾತ್ರ, “ಆಕಿ ಬರೂ ಗಾಡಿಗೆ ಠೇಶನಕ್ಕ ಯಾರೂ ಹೋಗಲಿಲ್ಲೇನು?” ಎಂದರು. ನಮ್ಮದು ರೈಲು ನಿಲ್ಲುವ ಊರು. ಹೈದರಾಬಾದಿನ ಹಾದಿ ಹತ್ತಿರದ ವಾಡಿಯಲ್ಲಿಯೇ ಕವಲೊಡೆಯುತ್ತದೆ. ಸೊಸೆ ಬರುವಳೆಂದರೆ ಮನೆಯವರೊಬ್ಬರು ನಿಲ್ದಾಣದಲ್ಲಿ ನಿಂತಿರುವುದು ಇಲ್ಲಿಯ ರೂಢಿ. ಅವರ ಪ್ರಶ್ನೆಗೆ ನಮ್ಮಲ್ಲಿ ಯಾರೂ ಉತ್ತರ ಕೊಡಲಿಲ್ಲ.

ಗ್ರಂಥದ ಹೆಸರು ಯಾವ ನಿಘಂಟಿನಲ್ಲಿಯೂ ದೊರೆಯದು. ಬಿಡಿಸಲಾಗದ ಸಿಕ್ಕಿಗೆ ಅನಿತಾಳ ತವರಿನಲ್ಲಿ ಹುಟ್ಟಿದ ಮಾತು ಅದು. ಮದುವೆಯ ಹೊಸದರಲ್ಲಿ ಅವಳು ಗಂಡನಿಗೆ ಒಲವಿನಿಂದ ಕೊಟ್ಟ ಗುಟ್ಟು. ಸಂಸಾರವೆಂದ ಮೇಲೆ ಗಂಟು ಬೀಳದಿರದು. ಬಿದ್ದ ಗಂಟಿಗೆ ಕೈಹಚ್ಚದೆ, ಉಣ್ಣುವ ಅನ್ನಕ್ಕೆ ಅಂಜಿ ಕುಳಿತಿರುವ ಗಂಡನು ಸಜ್ಜನನೆಂದೇ ಎನಿಸಿಕೊಳ್ಳುತ್ತಾನೆ. ಅಂಥ ಸಜ್ಜನಿಕೆಗೆ ಒಂದು ಹೆಣ್ಣು ಎಷ್ಟು ಬೆಲೆ ತೆರಬೇಕಾದೀತೆಂಬುದನ್ನು ಈ ಸಣ್ಣ ಪುಸ್ತಕವು ತಿಳಿಸುತ್ತದೆ. ಸುಶಿಕ್ಷಿತರ ಮನೆಗಳಲ್ಲಿ ಇದನ್ನು ಗಂಡುಹೆಣ್ಣು ಕೂಡಿಯೇ ಓದುವುದು ಒಳ್ಳೆಯದು.