ಎರಿ ನಾಡಿನಿಂದ ಹಿಮದ ನಾಡಿಗೆ

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳಲ್ಲಿ ಹುಟ್ಟಿ ಬೆಳೆದವರಿಗೆ ಹಿಮವೆಂಬುದು ಪುಸ್ತಕದೊಳಗಿನ ಮಾತು. ಅಮರಕೋಶವು ಅದಕ್ಕೆ ನೀಹಾರ, ತುಷಾರ, ತುಹಿನ, ಪ್ರಾಲೇಯ ಮೊದಲಾದ ಏಳು ಹೆಸರುಗಳನ್ನು ಕೊಟ್ಟಿರುವದು. ಕಾಳಿದಾಸನು ತನ್ನ ಕುಮಾರಸಂಭವವನ್ನು ಹಿಮಾಲಯದ ವರ್ಣನೆಯಿಂದಲೇ ಆರಂಭಿಸಿರುವನು. ಆದರೆ ಆ ಏಳು ಹೆಸರುಗಳಲ್ಲಿ ಒಂದಾದರೂ ‘ಇಲ್ಲಿ ಕಾಲು ಜಾರುವದು, ಜೋಕೆ’ ಎಂದು ನಮ್ಮನ್ನು ಎಚ್ಚರಿಸುವದಿಲ್ಲ. ಈಗಲಾದರೋ ನಮ್ಮ ಕಡೆಯ ಗೃಹಸ್ಥರು ಹೆಂಡಿರು ಮಕ್ಕಳನ್ನು ಕೂಡಿಸಿಕೊಂಡು ಸ್ವಂತ ಕಾರಿನಲ್ಲಿಯೇ ಚಳಿಗಾಲದ ಹಿಮಾಚಲವನ್ನು ನೋಡಿಬರುವ ಕಾಲವು ಬಂದಿದೆ. ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕ ಹಾದಿಯನ್ನು ಸುಖವಾಗಿ ಕ್ರಮಿಸಿದ ಕೈಯು ಕೊನೆಯ ಎರಡು ಕಿಲೋಮೀಟರುಗಳಲ್ಲಿ ಸೋಲುವ ಸಂಭವವುಂಟು. ಆದುದರಿಂದಲೇ ಈ ನಾಲ್ಕು ಮಾತು.

ವಾಚಕರು ಧೈರ್ಯಗೆಡಬೇಕಾಗಿಲ್ಲ. ಹಿಮವನ್ನು ಕಾಣದಿದ್ದರೂ ಹಿಮದ ಗುಣವನ್ನು ನಾವು ಬಲ್ಲೆವು. ಗೋಕಾಕದಲ್ಲಿ ಘಟಪ್ರಭೆಯು ಸುಮಾರು 52 ಮೀಟರು ಕೆಳಗೆ ಧುಮುಕುವ ಸ್ಥಳವನ್ನು ಮಳೆಗಾಲದಲ್ಲಿ ನೋಡಿದವರಿಗೆ, ತುಂತುರಿನಿಂದ ನೆನೆದು ಪಾಚಿಗಟ್ಟಿದ ಬಂಡೆಯ ಮೇಲೆ ಹೆಜ್ಜೆಯು ನಿಲ್ಲುವದಿಲ್ಲವೆಂಬುದು ಗೊತ್ತು. ಘಟಪ್ರಭೆಯ ಎಡದಂಡೆಯ ಕಾಲುವೆಯ ನೀರುಂಡು ಕಬ್ಬು ಬೆಳೆಯುವ ಮೂಡಲಗಿಯ ಕಡೆಗೆ ಹೋದರೆ ಎರಿ ಭೂಮಿ. ಒಂದು ಮಳೆ ಬಿತ್ತೆಂದರೆ ಸಾಕು, ಆ ಕರಿಯ ರಾಡಿಯು ಟಾಯರಿನ ಗೆರೆಗಳನ್ನೆಲ್ಲ ತುಂಬಿ ಗಾಲಿಯನ್ನು ನುಣ್ಣಗಿನ ಉರುಳೆಯಂತೆ ಮಾಡಿಬಿಡುವದು. ಇನ್ನು ಹುಕ್ಕೇರಿಯ ಸೀಮೆಯಿಂದ ಬೆಳಗಾವಿಗೆ ಹೋಗುವವರು ವಂಟಮುರಿ ಘಟ್ಟದ ಇಳಿಜಾರನ್ನು ಬಲ್ಲರು. ಅಲ್ಲಿ ಭಾರ ಹೊತ್ತ ಗಾಡಿಯನ್ನು ಏರಿಸುವದಕ್ಕಿಂತಲೂ ಅಂಕೆಯಲ್ಲಿಟ್ಟು ಇಳಿಸುವದೇ ಕಷ್ಟದ ಕೆಲಸ. ಗೋಕಾಕದ ಬಂಡೆಯ ನುಣುಪು, ಮೂಡಲಗಿಯ ರಾಡಿಯ ಮೋಸ, ಹುಕ್ಕೇರಿಯ ಇಳಿಜಾರು ಈ ಮೂರೂ ಒಂದೇ ಕಡೆಗೆ ಕೂಡಿದರೆ ಅದೇ ಹಿಮದ ಘಟ್ಟದ ಹಾದಿ.

ಕಳೆದ ಪುಷ್ಯಮಾಸದಲ್ಲಿ ಬಂಧುಗಳೊಡನೆ ಮನಾಲಿಗೆ ಹೋಗುವ ಯೋಗವು ನನಗೆ ಒದಗಿತು. ಅದು ಸಮುದ್ರಮಟ್ಟದಿಂದ ಸುಮಾರು 2,050 ಮೀಟರು ಎತ್ತರದಲ್ಲಿರುವ ಊರು. ಅಲ್ಲಿಂದ ಮೇಲಕ್ಕೆ ಹೋಗುವ ಹಾದಿಯು ಸೋಲಂಗ ಕಣಿವೆಯನ್ನು ಬಳಸಿ ಅಟಲ್ ಸುರಂಗದ ಬಾಯಿಗೆ ಮುಟ್ಟುವದು. 2020ರ ಅಕ್ಟೋಬರ 3ರಂದು ತೆರೆಯಲಾದ ಈ ಸುರಂಗದ ಉದ್ದ 9.02 ಕಿಲೋಮೀಟರು. 3,978 ಮೀಟರು ಎತ್ತರದ ರೋಹತಾಂಗ ಕಣಿವೆಯನ್ನು ಹತ್ತಿ ಇಳಿಯುವ ಕಷ್ಟವನ್ನು ಅದು ತಪ್ಪಿಸಿದೆ. ಆದರೆ ಸುರಂಗವಿದ್ದರೂ ಅದರ ಬಾಗಿಲವರೆಗಿನ ಏರುಹಾದಿಯ ಮೇಲೆ ಹಿಮವು ಬೀಳದೆ ಬಿಡುವದಿಲ್ಲ. ಅಂತಹ ದಿನಗಳಲ್ಲಿ ಪೋಲೀಸರು ನಾಲ್ಕೂ ಗಾಲಿಗಳಿಗೆ ಎಂಜಿನಿನ ಬಲ ಸಲ್ಲುವ ವಾಹನಗಳನ್ನೂ ಸರಪಳಿ ಕಟ್ಟಿದ ವಾಹನಗಳನ್ನೂ ಮಾತ್ರ ಮುಂದಕ್ಕೆ ಬಿಡುವರು.

ನಮ್ಮ ಮುಂದೆಯೇ ಒಂದು ಕಾರು ಏರಿನಲ್ಲಿ ಸಿಕ್ಕಿಬಿದ್ದಿತ್ತು. ಎಂಜಿನು ಗರ್ಜಿಸಿದಷ್ಟೂ ಗಾಲಿಯು ನಿಂತಲ್ಲಿಯೇ ಗಿರ್ರನೆ ತಿರುಗಿ, ತನ್ನ ಬಿಸಿಗೆ ಹಿಮವನ್ನು ಕರಗಿಸಿ, ಕೆಳಗಿನ ನೆಲವನ್ನು ಕನ್ನಡಿ ಮಾಡಿಕೊಳ್ಳುತ್ತಿತ್ತು. ಆಮೇಲೆ ಅದು ಮೆಲ್ಲಗೆ ಹಿಂದಕ್ಕೆ ಸರಿಯತೊಡಗಿತು. ಒಳಗೆ ಒಬ್ಬ ಅಜ್ಜಿಯೂ ಇಬ್ಬರು ಮಕ್ಕಳೂ ಇದ್ದರು, ಪಕ್ಕದಲ್ಲಿಯೇ ಕೊಳ್ಳ. ನಾಲ್ಕಾರು ಜನರು ಓಡಿಹೋಗಿ ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿದರು. ನಮ್ಮ ಕಾರು ನಡೆಸುತ್ತಿದ್ದವನು ಮೂಡಲಗಿಯ ಕಡೆಯ ತರುಣ, ಹಲವು ವರ್ಷ ಕಬ್ಬಿನ ಟ್ರ್ಯಾಕ್ಟರು ನಡೆಸಿದವನು. ಅವನು ಕೆಳಗಿಳಿದು ಹಿಮವನ್ನು ಕಾಲಿನಿಂದ ಒತ್ತಿ ನೋಡಿ, “ಗುರುಗಳೇ, ಇದು ನಮ್ಮ ಎರಿ ರಾಡಿನಽ ಐತ್ರಿ, ಬಣ್ಣ ಅಷ್ಟ ಬ್ಯಾರೆ,” ಎಂದನು. ಶಾಸ್ತ್ರವನ್ನು ಓದದೆಯೇ ಶಾಸ್ತ್ರದ ಸಾರವನ್ನು ಹೇಳಿದ್ದನು.

ಗಾಡಿಯನ್ನು ಮುಂದಕ್ಕೆ ಒಯ್ಯುವದು ಎಂಜಿನಿನ ಬಲವೆಂದು ನಾವು ತಿಳಿಯುತ್ತೇವೆ. ನಿಜವಾಗಿ ನೋಡಿದರೆ ಗಾಲಿಯು ನೆಲವನ್ನು ಹಿಡಿಯುವ ಹಿಡಿತದ ಹೊರತು ಆ ಬಲವು ವ್ಯರ್ಥ. ಗಂಟೆಗೆ 30 ಕಿಲೋಮೀಟರಿನಂತೆ ಹೋಗುವ ಕಾರು ಒಣಗಿದ ಡಾಂಬರಿನ ಮೇಲೆ ಬ್ರೇಕು ಒತ್ತಿದ ಬಳಿಕ ಸುಮಾರು 5 ಮೀಟರಿನಲ್ಲಿ ನಿಲ್ಲಬಲ್ಲದು. ಗಡ್ಡೆಗಟ್ಟಿದ ಹಿಮದ ಮೇಲೆ ಅದೇ ಕಾರು 35 ಮೀಟರಿನವರೆಗೂ ಜಾರಬಹುದು. ಸರಪಳಿಯ ಅಡ್ಡಕೊಂಡಿಗಳು ಹಿಮದೊಳಗೆ ಕಚ್ಚಿಕೊಂಡು, ಕಳೆದುಹೋದ ಹಿಡಿತದಲ್ಲಿ ಒಂದು ಪಾಲನ್ನು ಮರಳಿ ತಂದುಕೊಡುವವು.

ಈ ಉಪಾಯದ ಹುಟ್ಟು ಹಿಮದಷ್ಟೇ ರಾಡಿಗೂ ಸಂಬಂಧಿಸಿದುದೆಂಬುದು ನಮ್ಮವರಿಗೆ ಸ್ವಾರಸ್ಯವೆನಿಸೀತು. ಅಮೆರಿಕೆಯಲ್ಲಿ ಆಗಿನ ಕಾಲದ ಮೋಟಾರಿನವರು ಕೆಸರಿನಲ್ಲಿಯೂ ಹಿಮದಲ್ಲಿಯೂ ಜಾರದಿರಲೆಂದು ಟಾಯರಿಗೆ ಹಗ್ಗ ಸುತ್ತುತ್ತಿದ್ದರು. ಹಗ್ಗವು ಬೇಗನೆ ಸವೆದು ಹರಿಯುವದು. ನ್ಯೂಯಾರ್ಕ ಪ್ರಾಂತದ ಹ್ಯಾರಿ ವೀಡ್ ಎಂಬವನು ಹಗ್ಗದ ಬದಲು ಕಬ್ಬಿಣದ ಸರಪಳಿಯನ್ನು ಹೊಂದಿಸಿ 1904ರಲ್ಲಿ ಅದರ ಹಕ್ಕುಪತ್ರವನ್ನು ಪಡೆದನು. ಸಿಕ್ಕಿಬಿದ್ದ ಗಾಲಿಯ ಕೆಳಗೆ ಕಬ್ಬಿನ ರವದಿಯನ್ನೂ ಕಲ್ಲನ್ನೂ ತುರುಕುವ ನಮ್ಮ ರೈತನ ಬುದ್ಧಿಗೂ ಇದಕ್ಕೂ ಮೂಲವು ಒಂದೇ.

ಇನ್ನು ಕಟ್ಟುವ ಕ್ರಮ. ಟಾಯರಿನ ಪಕ್ಕದಲ್ಲಿ ಅಚ್ಚಾಗಿರುವ ಅಳತೆಗೆ ಸರಿಹೊಂದುವ ಸರಪಳಿಯನ್ನೇ ಕೊಳ್ಳತಕ್ಕದ್ದು. ಎಂಜಿನಿನ ಬಲವು ಯಾವ ಗಾಲಿಗಳಿಗೆ ಸಲ್ಲುವದೋ ಆ ಎರಡಕ್ಕೂ ಕಟ್ಟಬೇಕು. ಚಿಕ್ಕ ಕಾರುಗಳಲ್ಲಿ ಬಹುತೇಕ ಅವು ಮುಂದಿನ ಗಾಲಿಗಳು. ಸಿಕ್ಕಿಬಿದ್ದ ಮೇಲೆ ಕಟ್ಟುವೆನೆನ್ನದೆ, ಹಿಮವು ದಪ್ಪವಾಗುವ ಮೊದಲೇ ಸಮನೆಲದ ಮೇಲೆ, ಹಾದಿಯ ಬದಿಗೆ ನಿಲ್ಲಿಸಿ, ಕೈಬ್ರೇಕು ಎಳೆದು ಕೆಲಸಕ್ಕೆ ತೊಡಗಬೇಕು. ಸರಪಳಿಯನ್ನು ತೊಡಕಿಲ್ಲದಂತೆ ಬಿಡಿಸಿ, ಕೊಂಡಿಯ ಚೂಪು ತುದಿಯು ಟಾಯರಿಗೆ ತಾಗದಂತೆ ಹೊರಮುಖವಾಗಿಟ್ಟು, ಗಾಲಿಗೆ ಹೊದಿಸಿ, ಮೊದಲು ಒಳಬದಿಯ ಕೊಂಡಿಯನ್ನೂ ಆಮೇಲೆ ಹೊರಬದಿಯದನ್ನೂ ಕೂಡಿಸಿ ಬಿಗಿಯಬೇಕು. ನೂರು ಮೀಟರು ಹೋಗಿ ನಿಂತು ಮತ್ತೊಮ್ಮೆ ಬಿಗಿಯುವದನ್ನು ಮರೆಯಕೂಡದು. ಸಡಿಲಾದ ಸರಪಳಿಯು ಬ್ರೇಕಿನ ನಳಿಗೆಯನ್ನೇ ಹರಿದೀತು. ಕೈಗವಸು, ಮೊಣಕಾಲೂರಲು ಒಂದು ಗೋಣಿಚೀಲ, ಒಂದು ಬ್ಯಾಟರಿ ದೀಪ ಇವು ಜೊತೆಗಿರಲಿ. ಎಲ್ಲಕ್ಕೂ ಮೇಲಾಗಿ, ಹೊರಡುವ ಮೊದಲೇ ಮನೆಯ ಅಂಗಳದಲ್ಲಿ ಎರಡು ಮೂರು ಸಾರೆ ಕಟ್ಟಿ ಬಿಚ್ಚಿ ರೂಢಿ ಮಾಡಿಕೊಳ್ಳಬೇಕು. ಕೊರೆಯುವ ಚಳಿಯಲ್ಲಿ ಮರಗಟ್ಟಿದ ಬೆರಳುಗಳು ಹೊಸ ಪಾಠವನ್ನು ಕಲಿಯಲಾರವು.

ಸರಪಳಿಯನ್ನು ಕಟ್ಟಿದಾಕ್ಷಣ ಭಯವು ತೀರಿತೆಂದು ಬಗೆಯುವದು ಮತ್ತೊಂದು ಅಪಾಯ. ಗಂಟೆಗೆ 40 ಕಿಲೋಮೀಟರನ್ನು ಮೀರದೆ, ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿಯೇ ಗಾಡಿಯನ್ನು ತಡೆಯುತ್ತ, ಒಮ್ಮೆಲೆ ಬ್ರೇಕು ಒತ್ತದೆ, ಒಮ್ಮೆಲೆ ಚಕ್ರ ತಿರುವದೆ ನಡೆಯಬೇಕು. ಮುಂದಿನ ಗಾಲಿಗಳಿಗೆ ಮಾತ್ರ ಸರಪಳಿಯಿದ್ದರೆ ಇಳಿಜಾರಿನ ತಿರುವಿನಲ್ಲಿ ಹಿಂಬದಿಯು ಹೊರಕ್ಕೆ ಜಾರಬಹುದೆಂಬ ಎಚ್ಚರವಿರಲಿ. ಹಿಮವಿಲ್ಲದ ಹಾದಿಯು ಬಂದೊಡನೆ ಬಿಚ್ಚಬೇಕು. ಬರಿ ಡಾಂಬರಿನ ಮೇಲೆ ಓಡಿಸಿದರೆ ಸರಪಳಿಯೂ ಟಾಯರೂ ಹಾದಿಯೂ ಮೂರೂ ಕೆಡುವವು.

ಒಂದು ಮಾತು ಉಳಿಯಿತು. ಹಿಮವು ಬಲವಾಗಿ ಸುರಿಯುತ್ತಿರುವಾಗ, ಸ್ಥಳದ ಜನರು ಬೇಡವೆಂದಾಗ, ಹೊತ್ತು ಮುಳುಗುತ್ತ ಬಂದಾಗ ಹಿಂದಿರುಗುವದೇ ಸರಿ. ಅದರಲ್ಲಿ ಮಾನಹಾನಿಯೇನೂ ಇಲ್ಲ. ಘಟಪ್ರಭೆಗೆ ನೆರೆ ಬಂದು ಸೇತುವೆಯ ಮೇಲೆ ನೀರು ಹರಿಯುವಾಗ ನಮ್ಮ ಹಿರಿಯರು ಚಕ್ಕಡಿಯನ್ನು ದಂಡೆಯಲ್ಲಿಯೇ ಬಿಟ್ಟು ನೀರಿಳಿಯುವವರೆಗೆ ಕಾಯುತ್ತಿದ್ದರು. ಅವರನ್ನು ಯಾರೂ ಹೇಡಿಗಳೆಂದಿಲ್ಲ. ಹಿಮಾಲಯವು ನಾಳೆಯೂ ಅಲ್ಲಿಯೇ ಇರುವದು. ಅದನ್ನು ನೋಡಲು ಹೊರಟ ಕುಟುಂಬವು ತುಂಬಿದ ಕಾರಿನಲ್ಲಿಯೇ ಮನೆಗೆ ಮರಳಬೇಕು.