ತಮ್ಮನ ಮುಂದೆ ತಾರಷಡ್ಜ

ಹೋದ ವಾರ ಗೌರಿಬಿದನೂರು ಕಡೆಯ ಒಂದೂರಲ್ಲಿ ಕುರುಕ್ಷೇತ್ರ ನಾಟಕ. ಸತ್ತ ದುಶ್ಶಾಸನನ ತಲೆಯನ್ನು ತೊಡೆ ಮೇಲಿಟ್ಟುಕೊಂಡು ದುರ್ಯೋಧನ ಹಾಡಬೇಕು. ಹುಡುಗನದು ಒಳ್ಳೇ ಕಂಠ, ಮೊದಲ ಸಾಲಿಗೇ ನನ್ನ ಕಣ್ಣು ತುಂಬಿತು. ಕೊನೆಯ ಸಾಲಿಗೆ ತಮ್ಮನ ತಲೆ ಕೆಳಗಿಟ್ಟ, ಎದ್ದ, ಮೈಕಿನ ಹತ್ತಿರ ಹೋಗಿ ತಾರಷಡ್ಜ ಹಿಡಿದ. ಶಿಳ್ಳೆ, ಒನ್ಸ್ ಮೋರ್, ಎದೆಗೊಂದು ಐನೂರರ ನೋಟು. ಮತ್ತೆ ಅದೇ ಪದ್ಯ ಮೊದಲಿಂದ.

ನಾನೂ ದುರ್ಯೋಧನನ ಪಾತ್ರ ಮಾಡುವವನೇ. ನನಗೆ ಕೋಪ ಬಂತು, ಇನ್ನೂ ಇಳಿದಿಲ್ಲ.

ಚಿಂತಾಮಣಿ, ಬಾಗೇಪಲ್ಲಿ ಕಡೆ ತೆಲುಗು ಪದ್ಯನಾಟಕದ ಗಾಳಿ ಜೋರು. ತಿರುಪತಿ ವೆಂಕಟ ಕವುಲು ಅವರ ‘ಪಾಂಡವೋದ್ಯೋಗ ವಿಜಯಾಲು’ ಪದ್ಯಗಳ ಜೊತೆಗೆ, ಪದ್ಯದ ಕೊನೆಗೆ ಉಸಿರಿರುವ ತನಕ ರಾಗ ಎಳೆಯುವುದೂ ನಮಗೆ ಅಭ್ಯಾಸ. ಕೃಷ್ಣ ರಾಯಭಾರಕ್ಕೆ ಅದು ಸೊಗಸಾಗಿ ಒಪ್ಪುತ್ತದೆ, ಅಲ್ಲಿ ಸಭೆ ಗೆಲ್ಲಬೇಕು. ಹೆಣದ ಮುಂದೆ ಗೆಲ್ಲುವುದು ಯಾರನ್ನು?

ಅಪ್ಪ ತೀರಿಕೊಂಡಾಗ ಶಿಡ್ಲಘಟ್ಟದಿಂದ ಸೋದರತ್ತೆ ಬಂದಳು. ರೇಷ್ಮೆ ನೂಲು ಬಿಚ್ಚಾಣಿಕೆಯ ಬಿಸಿನೀರಿಗೆ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಆ ಬೆರಳಲ್ಲೇ ಅಪ್ಪನ ಕೆನ್ನೆ ಸವರುತ್ತಾ ಹಾಡಿಕೊಂಡು ಅತ್ತಳು. ಇದ್ದದ್ದು ಎರಡು ಮೂರು ಸ್ವರ. ಗೌರಿ ಹಬ್ಬಕ್ಕೆ ಬಾಗಿನ ತರುವವರು ಯಾರು ಅಂದಳು. ತೊಟ್ಟಿಲಿಗೆ ನನ್ನ ಹಿಂದೆ ಬಂದೆ, ಇಸ್ಕೂಲಿಗೆ ನನ್ನ ಹಿಂದೆ ಬಂದೆ, ಈಗ ಯಾಕೆ ಮುಂದೆ ಹೋದೆ ಅಂದಳು. ‘ತಮ್’ ಅನ್ನುವಷ್ಟರಲ್ಲಿ ಉಸಿರು ಮುಗಿಯುತ್ತಿತ್ತು. ಉಸಿರೆಳೆದುಕೊಂಡ ಮೇಲೆ ‘ಮಾ’ ಬರುತ್ತಿತ್ತು.

ಹತ್ತನೇ ಶತಮಾನದ ರನ್ನ ‘ಗದಾಯುದ್ಧ’ದಲ್ಲಿ ದುರ್ಯೋಧನನನ್ನು ಅಳಿಸುವುದೂ ಇದೇ ಲೆಕ್ಕದಿಂದ: ತಾಯಿಯ ಹಾಲಿನಿಂದ ಹಿಡಿದು ಎಲ್ಲದರಲ್ಲೂ ಅಣ್ಣ ಮೊದಲು, ತಮ್ಮ ಆಮೇಲೆ, ಸಾವಲ್ಲಿ ಮಾತ್ರ ಸರದಿ ತಪ್ಪಿತು. ರನ್ನನ ಹೆಸರೂ ಕೇಳದ ನನ್ನತ್ತೆ ಅದನ್ನೇ ಹೇಳಿದ್ದಳು. ಆಮೇಲೆ ಆ ಪದ್ಯ ಓದಿದಾಗ ನನಗೆ ಅವಳ ದನಿಯೇ ಕೇಳಿಸಿತು.

ಆ ಮುರಿದ ಉಸಿರನ್ನು ನಾನು ರಂಗಕ್ಕೆ ತಂದಿದ್ದೇನೆ. ಮುಖಾರಿಯಲ್ಲಿ ಶುರುಮಾಡಿ, ಕೊನೆಯ ಸಾಲಿನಲ್ಲಿ ರಾಗ ಬಿಟ್ಟು, ತಮ್ಮಾ ಅಂತ ಬರೀ ಮಾತಿನ ದನಿಯಲ್ಲಿ ಕರೆಯುತ್ತೇನೆ, ನಡುವೆ ಉಸಿರು ಮುರಿದು. ತಬಲಾ ನಿಲ್ಲಬೇಕು, ಹಾರ್ಮೋನಿಯಂನಲ್ಲಿ ಶ್ರುತಿಯೊಂದೇ ಇರಬೇಕು. ಇದಕ್ಕೆ ಮೇಷ್ಟ್ರನ್ನು ಒಪ್ಪಿಸಲು ಎರಡು ತಿಂಗಳ ತಾಲೀಮು ಹಿಡಿಯಿತು. ಬೆರಳು ಸುಮ್ಮನಿಟ್ಟುಕೊಳ್ಳಿ ಅಂದರೆ ಅವಮಾನ ಮಾಡಿದ ಹಾಗೆ ನೋಡುತ್ತಿದ್ದರು.

ಮುಂದಿನ ನಾಟಕ ಕೈವಾರದ ಹತ್ತಿರ. ಭೀಮ ಬಕಾಸುರನನ್ನು ಕೊಂದ ಏಕಚಕ್ರಪುರ ಅದೇ ಅಂತ ಅಲ್ಲಿಯವರ ನಂಬಿಕೆ. ಭೀಮಲಿಂಗೇಶ್ವರನ ಗುಡಿಯೂ ಇದೆ. ದುಶ್ಶಾಸನನ ಎದೆ ಬಗೆದವನೂ ಆ ಭೀಮನೇ. ಬೆಳಿಗ್ಗೆ ಆ ಗುಡಿಯಲ್ಲಿ ಕೈಮುಗಿದ ಹೆಂಗಸರು ರಾತ್ರಿ ದುಶ್ಶಾಸನನಿಗಾಗಿ ಸೆರಗು ಕಣ್ಣಿಗೊತ್ತಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಅವರಲ್ಲಿ ಎಷ್ಟು ಜನ ತಮ್ಮಂದಿರನ್ನು ಮಣ್ಣು ಮಾಡಿ ಬಂದವರೋ.

ಸೌಂಡ್ ಸಿಸ್ಟಮ್‌ನವನಿಗೆ ಈಗಲೇ ಹೇಳಿಟ್ಟಿದ್ದೇನೆ: ಆ ದೃಶ್ಯಕ್ಕೆ ನಿಲ್ಲಿಸುವ ಮೈಕು ಬೇಡ, ದುಶ್ಶಾಸನನ ತಲೆಯ ಪಕ್ಕ, ನೆಲದಿಂದ ಒಂದಡಿ ಎತ್ತರಕ್ಕೆ ಕಟ್ಟು.