ಗೇಟಿನ ಮುಂದೆ ಒಂದು ಗಳಿಗೆ

ದಾವಣಗೆರೆಯ ಅಶೋಕ ಚಿತ್ರಮಂದಿರದ ಬಳಿಯ ರೈಲ್ವೆ ಗೇಟಿನ ಹೆಸರನ್ನು ಕೇಳದವರು ಮಧ್ಯ ಕರ್ನಾಟಕದಲ್ಲಿ ವಿರಳ. ಎಪ್ಪತ್ತರ ದಶಕದಲ್ಲಿ ಮಠದ ಆಶ್ರಯದಲ್ಲಿ ಸಂಸ್ಕೃತಾಭ್ಯಾಸ ಮಾಡುತ್ತಿದ್ದ ನಾವು ಕೆಲವರು ವಿದ್ಯಾರ್ಥಿಗಳು ಸಂಜೆಯ ಹೊತ್ತು ಅತ್ತ ತಿರುಗಾಡಲು ಹೋಗುತ್ತಿದ್ದೆವು. ಹತ್ತಿಯ ಅಂಡಿಗೆಗಳನ್ನು ಹೇರಿಕೊಂಡ ಗಾಡಿಗಳು ಒಂದರ ಹಿಂದೊಂದು ನಿಂತಿರುತ್ತಿದ್ದವು. ಉಗಿಬಂಡಿಯ ಕೂಗಿಗೆ ಎತ್ತುಗಳು ಬೆದರಿಯಾವೆಂದು ಗಾಡಿಯವನು ಕೆಳಗಿಳಿದು ಮೂಗುದಾರ ಹಿಡಿದು ನಿಲ್ಲುತ್ತಿದ್ದನು. ಮುಂದಿನ ಗಾಡಿಯನ್ನು ಹಿಂದಿಕ್ಕುವ ಆಲೋಚನೆ ಯಾರಿಗೂ ಇರಲಿಲ್ಲ. ಹಾಗೆಂದು ಹಿಂದಿನವರೆಲ್ಲ ಸಾಧುಗಳಾಗಿದ್ದರೆಂದು ನಾನು ಹೇಳಲಾರೆ. ಆ ಸಾಲು ಎತ್ತಿನ ಭಯದಿಂದ ಹುಟ್ಟಿದ್ದು.

2016ರ ಶ್ರಾವಣ ಮಾಸದಲ್ಲಿ ಅದೇ ಊರಿನಲ್ಲಿ ನನ್ನ ಪ್ರವಚನವು ಏರ್ಪಾಡಾಗಿತ್ತು. ಭಕ್ತರೊಬ್ಬರು ಕಾರು ಕಳುಹಿಸಿದ್ದರು. ಆರೂವರೆಗೆ ಆರಂಭವಾಗಬೇಕು, ಗೇಟಿನ ಸಮೀಪ ಬಂದಾಗಲೇ ಆರೂಕಾಲು. ಗೇಟು ಬಿದ್ದಿತ್ತು. ನಮ್ಮ ಮುಂದೆ ಲಾರಿ, ಬಸ್ಸು, ಆಟೋಗಳ ಉದ್ದನೆಯ ಸಾಲು. ದ್ವಿಚಕ್ರ ವಾಹನದವರು ಬಂಡಿಯನ್ನು ಓರೆಮಾಡಿ ಅಡ್ಡಗಂಬದ ಅಡಿಯಲ್ಲಿ ನುಸುಳುತ್ತಿದ್ದರು. ರಸ್ತೆಯ ಬಲಭಾಗ ಬರಿದಾಗಿತ್ತು. ಒಂದೆರಡು ಕಾರುಗಳು ಆ ಕಡೆಯಿಂದ ಸಾಗಿ ಗೇಟಿನ ಬುಡಕ್ಕೆ ಹೋಗಿ ನಿಂತವು. ಚಾಲಕ ಹುಡುಗನು ಸುಮ್ಮನೆ ಕುಳಿತಿದ್ದನು. ನಾನೇ, "ತಮ್ಮಾ, ಬಲಗಡೆ ಜಾಗ ಇದೆಯಲ್ಲ, ಮುಂದೆ ನಡೆಸು" ಎಂದೆ. ಅವನು ಒಮ್ಮೆ ಹಿಂತಿರುಗಿ ನನ್ನ ಮುಖ ನೋಡಿದನು, ಆಮೇಲೆ ನಡೆಸಿದನು.

ಅಂದಿನ ಪ್ರವಚನದ ವಿಷಯ ಸಹನೆ ಎಂಬುದನ್ನು ಇಲ್ಲಿ ಮರೆಮಾಚಲಾರೆ.

ರೈಲು ಹೋಯಿತು, ಗೇಟು ಎದ್ದಿತು. ಆದರೆ ಒಂದು ವಾಹನವೂ ಕದಲಲಿಲ್ಲ. ನಾವು ಈ ಕಡೆ ಮಾಡಿದ್ದನ್ನೇ ಅವರು ಆ ಕಡೆ ಮಾಡಿದ್ದರು. ಎರಡೂ ಬದಿಯಲ್ಲಿ ರಸ್ತೆಯ ಪೂರ್ಣ ಅಗಲವನ್ನು ತುಂಬಿಕೊಂಡ ಮೇಲೆ ಬರುವವನಿಗೆ ಬರಲು ದಾರಿ ಎಲ್ಲಿ, ಹೋಗುವವನಿಗೆ ಹೋಗಲು ದಾರಿ ಎಲ್ಲಿ? ಹಿಂದೆ ಸರಿಯೋಣವೆಂದರೆ ಬೆನ್ನಿಗೆ ಹತ್ತಾರು ವಾಹನಗಳು. ಎಲ್ಲರೂ ಹಾರ್ನ್ ಒತ್ತುತ್ತಿದ್ದರು. ಹಳಿಗಳ ನಡುವೆಯೇ ಒಂದು ಸರಕಿನ ಆಟೋ ಸಿಕ್ಕಿಕೊಂಡಿತ್ತು.

ಎದುರುಗಡೆಯ ಆಟೋ ಒಂದರಿಂದ ತಾಯಿಯೊಬ್ಬಳು ಕೆಳಗಿಳಿದಳು. ಮೂರು ನಾಲ್ಕು ವರ್ಷದ ಮಗುವನ್ನು ಸೆರಗಿನಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು, ವಾಹನಗಳ ಸಂದಿಯಲ್ಲಿ ಅಡ್ಡಡ್ಡ ನುಸುಳುತ್ತ, ಹಳಿಗಳನ್ನು ದಾಟಿ ನಮ್ಮ ಕಡೆ ಬಂದಳು. ಮಗುವಿನ ಕಣ್ಣು ಅರೆಮುಚ್ಚಿದ್ದವು, ಜ್ವರವಿರಬೇಕು. ಕಾರಿನ ಪಕ್ಕದಲ್ಲಿ ಜಾಗ ಸಾಲದೆ ಆಕೆ ಒಂದು ಕ್ಷಣ ನಿಂತಳು. ವಿಭೂತಿ, ರುದ್ರಾಕ್ಷಿ ಧರಿಸಿ ಒಳಗೆ ಕುಳಿತಿದ್ದ ನನ್ನನ್ನು ನೋಡಿ, "ಸ್ವಲ್ಪ ದಾರಿ ಬಿಡ್ರಿ ಸ್ವಾಮೇರ" ಎಂದಳು. ಬಿಡಲು ನನ್ನ ಬಳಿ ದಾರಿಯಿರಲಿಲ್ಲ. ಅದನ್ನು ಐದು ನಿಮಿಷದ ಹಿಂದೆ ನಾನೇ ಮುಚ್ಚಿದ್ದೆ. ಆಕೆ ಹೇಗೋ ಸರಿದು ಹೋದಳು. ಆ ಮಗು ಏನಾಯಿತೆಂದು ನನಗೆ ತಿಳಿಯದು.

ಕುಳಿತಿರಲಾರದೆ ನಾನೂ ಇಳಿದು ಗೇಟಿನ ಬಳಿಗೆ ನಡೆದೆ. ಗೇಟ್‌ಮನ್ ಬೆವರಿಳಿಸುತ್ತ ಒಂದೊಂದೇ ವಾಹನವನ್ನು ಹಿಂದೆ ಸರಿಸುತ್ತಿದ್ದನು. "ಇನ್ನೊಂದು ಗಾಡಿ ಬರೋ ಹೊತ್ತಾತು ಸ್ವಾಮೇರ. ಗೇಟು ಬಿದ್ದು ಬೀಗ ಕೂಡದ ಹೊರತು ಸಿಗ್ನಲ್ ಕೊಡಾಕೆ ಬರಲ್ಲ. ಅದು ಅಲ್ಲೇ ಹೊರಗೆ ನಿಂತೈತೆ" ಎಂದನು. ಗೇಟಿಗೂ ಸಿಗ್ನಲ್ಲಿಗೂ ಅಂತಹ ಬಂಧವಿದೆಯೆಂದು ನನಗೆ ತಿಳಿದದ್ದು ಅಂದೇ. ರೈಲು ಬರುವುದರಿಂದ ನಾವು ನಿಲ್ಲುತ್ತೇವೆಂದು ಭಾವಿಸಿದ್ದೆ. ನಮ್ಮಿಂದಾಗಿ ನೂರಾರು ಪ್ರಯಾಣಿಕರಿದ್ದ ರೈಲೇ ನಿಂತಿತ್ತು. ಸಾಲುಗಳು ಬಿಡಿಸಿಕೊಳ್ಳುವ ಹೊತ್ತಿಗೆ ಇಪ್ಪತ್ತನಾಲ್ಕು ನಿಮಿಷ ಕಳೆದಿತ್ತು, ಸರಿಯಾಗಿ ಒಂದು ಗಳಿಗೆ. ಎಲ್ಲರೂ ಎಡಗಡೆಯೇ ನಿಂತಿದ್ದರೆ ಐದು ನಿಮಿಷವೂ ಹಿಡಿಯುತ್ತಿರಲಿಲ್ಲ.

ಆಮೇಲೆ ಕುತೂಹಲದಿಂದ ಒಂದಿಷ್ಟು ವಿಚಾರಿಸಿ ತಿಳಿದುಕೊಂಡೆ. 1989ರ ರೈಲ್ವೆ ಕಾಯಿದೆಯ 160ನೆಯ ಕಲಮಿನ ಪ್ರಕಾರ, ಮುಚ್ಚಿದ ಗೇಟನ್ನು ಅಧಿಕಾರವಿಲ್ಲದೆ ತೆರೆದವನಿಗೆ ಮೂರು ವರ್ಷದವರೆಗೆ, ಮುರಿದವನಿಗೆ ಐದು ವರ್ಷದವರೆಗೆ ಸೆರೆವಾಸವಿದೆ. ಗೇಟಿನ ಸ್ಥಳದಲ್ಲಿ ಮೇಲ್ಸೇತುವೆಯ ಅಗತ್ಯವನ್ನು ಅಳೆಯಲು ಇಲಾಖೆಯವರು ಒಂದು ಗುಣಾಕಾರ ಮಾಡುತ್ತಾರೆ: ದಿನವೊಂದಕ್ಕೆ ಓಡುವ ರೈಲುಗಳ ಸಂಖ್ಯೆಯನ್ನು ದಾಟುವ ವಾಹನಗಳ ಸಂಖ್ಯೆಯಿಂದ ಗುಣಿಸಿದಾಗ ಒಂದು ಲಕ್ಷ ಮುಟ್ಟಬೇಕು. ಐವತ್ತು ರೈಲು, ಎರಡು ಸಾವಿರ ವಾಹನವಾದರೆ ಆಯಿತು. ಆ ಲೆಕ್ಕದಲ್ಲಿ ಎತ್ತಿನ ಗಾಡಿಯೂ ಮೋಟಾರು ವಾಹನವೂ ತಲಾ ಒಂದು, ಆಟೋ ಅರ್ಧ. ಬ್ರಾಡ್‌ಗೇಜು ಮಾರ್ಗಗಳಲ್ಲಿ ಕಾವಲಿಲ್ಲದ ಗೇಟುಗಳನ್ನು 2019ರ ಜನವರಿಯ ವೇಳೆಗೆ ಇಲ್ಲವಾಗಿಸಿದ್ದಾರೆ. 2023ರ ಜೂನ್‌ನಿಂದ ಬೆಂಗಳೂರು-ಧಾರವಾಡದ ವಂದೇ ಭಾರತ್ ರೈಲೂ ಇದೇ ದಾವಣಗೆರೆಯ ಹಳಿಯ ಮೇಲೆ ಸಾಗತೊಡಗಿತು. ರೈಲು ಹೆಚ್ಚಿದಷ್ಟೂ ಗೇಟು ಬೀಳುವುದೂ ಹೆಚ್ಚು. ಸೇತುವೆಯನ್ನು ಸರಕಾರ ಕಟ್ಟಬೇಕು, ನಿಜ. ಬಲಗಡೆಗೆ ನುಗ್ಗೆಂದು ನನಗೆ ಹೇಳಿದ್ದು ಮಾತ್ರ ಸರಕಾರವಲ್ಲ.

ಅಂದು ಏಳು ಗಂಟೆ ದಾಟಿದ ಮೇಲೆ ವೇದಿಕೆ ಏರಿದೆ. ಸಿದ್ಧಪಡಿಸಿಕೊಂಡಿದ್ದ ಮಾತುಗಳು ಗಂಟಲಿನಲ್ಲೇ ಉಳಿದವು. ವಿಳಂಬಕ್ಕೆ ಕಾರಣವನ್ನೂ, ಬಲಗಡೆಗೆ ಹೋಗೆಂದವನು ಯಾರೆಂಬುದನ್ನೂ ಸಭೆಗೆ ತಿಳಿಸಿದೆ. ಕೆಲವರು ನಕ್ಕರು. ಹಿಂದಿನ ಸಾಲಿನಲ್ಲಿ ನಿಂತಿದ್ದ ಚಾಲಕ ಹುಡುಗನು ತಲೆ ತಗ್ಗಿಸಿಕೊಂಡನು, ತಪ್ಪು ತನ್ನದೇ ಎಂಬಂತೆ.

ಈಗಲೂ ಕೆಲವೊಮ್ಮೆ ಅವನೇ ನನ್ನನ್ನು ಕರೆದೊಯ್ಯಲು ಬರುತ್ತಾನೆ. ಎಲ್ಲಿಯಾದರೂ ಗೇಟು ಬಿದ್ದಿದ್ದರೆ ಕಾರನ್ನು ಎಡಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಕನ್ನಡಿಯಲ್ಲಿ ನನ್ನ ಮುಖವನ್ನು ಒಮ್ಮೆ ನೋಡುತ್ತಾನೆ. ನಾನು ಜಪಮಾಲೆ ಕೈಗೆತ್ತಿಕೊಂಡು ಕಿಟಕಿಯ ಹೊರಗೆ ನೋಡತೊಡಗುತ್ತೇನೆ.